ಧರೆಪ್ಪ ಮಣ್ಣಿಗೆ ಕೈ ಹಚ್ಚಿದ್ದು

ರನ್ನ ಬೆಳಗಲಿಯ ತಾಯವ್ವನಿಗೆ ಎರಡನೆಯ ನಂಬರು ಎಂದರೆ ಮೈಯೆಲ್ಲ ಉರಿಯುತ್ತದೆ. ಉರಿಯದೆ ಏನು ಮಾಡೀತು? ಗಲಗಲಿಯ ರಂಟೆ ಹೊಡೆಯುವ, ಅಂದರೆ ನೇಗಿಲಿನಿಂದ ಉಳುವ ಸ್ಪರ್ಧೆಯಲ್ಲಿ ನಾಲ್ಕು ವರ್ಷ ಆಕೆ ಎರಡನೆಯವಳು, ನಾಲ್ಕೂ ಸಲ ಚಿಕ್ಕಪಡಸಲಗಿಯ ಧರೆಪ್ಪ ಮೊದಲನೆಯವನು. ಗಂಡ ಗುರಪ್ಪ ಬ್ಯಾಂಕಿನಲ್ಲಿ ಜವಾನ. ಬಂಗಾರದಂಥ ಮನುಷ್ಯ, ಆದರೆ ಅವನು ರಂಟೆ ಹಿಡಿದರೆ ಸಾಲು ಹಾವು ಹರಿದ ಹಾಗೆ! ಹೀಗಾಗಿ ಮದುವೆಯಾದ ಎರಡನೆಯ ವರ್ಷವೇ ಎತ್ತುಗಳು ತಾಯವ್ವನ ಕೈಗೆ ಬಂದವು. ಹೆಂಗಸಿನ ಸಾಲು ನೆಟ್ಟಗೆ ಬರುವುದಿಲ್ಲ ಎಂದವರ ಮುಂದೆ ಒಂದೇ ಒಂದು ಸಲ ಗೆದ್ದು ತೋರಿಸಬೇಕು, ಅಷ್ಟೇ ಆಕೆಯ ಆಸೆ.

ಸಾಲು ನೆಟ್ಟಗಿರಬೇಕು, ಗೇಣು ಆಳ ಹೋಗಬೇಕು. ಎಲ್ಲಕ್ಕಿಂತ ದೊಡ್ಡ ನಿಯಮ, ಕೊನೆಯ ಸೀಟಿ ಊದುವ ತನಕ ಮಣ್ಣಿಗೆ ಕೈ ಹಚ್ಚುವಂತಿಲ್ಲ. ಸೊಟ್ಟ ಸಾಲನ್ನು ಕೈಯಿಂದ ತಿದ್ದುವ ಕಿಲಾಡಿಗಳಿಗೆಂದೇ ಮಾಡಿದ ನಿಯಮ ಅದು. ಹಚ್ಚಿದರೆ ಹತ್ತು ಅಂಕ ಹೋದವು.

ಈ ವರ್ಷ ತಾಯವ್ವ ಉಳಬೇಕಾದ ಹೊಲದ ಪಟ್ಟಿ ಧರೆಪ್ಪನ ಪಟ್ಟಿಯ ಮಗ್ಗುಲಿಗೇ ಬಂತು. ಏನು ಹೊಡೆದಳು ಅಂತೀರಿ ಅವತ್ತು! ದಾರ ಹಿಡಿದು ಎಳೆದಂತೆ ಸಾಲು. ಬದುವಿನ ಮೇಲೆ ಜನ ಕುಣಿಯುತ್ತಿದ್ದರು. ಕೊನೆಯ ಸಾಲಿಗೆ ಎತ್ತು ತಿರುಗಿಸುವಾಗ ಕಂಡಿತು, ಧರೆಪ್ಪ ಬಗ್ಗಿ ಮಣ್ಣಿಗೆ ಕೈ ಹಾಕಿದ್ದ! ಆ ಸಾಲು ಮುಗಿಸಿದವಳೇ ತೀರ್ಪುಗಾರ ಪರಮಾನಂದ ಮಾಸ್ತರರ ಹತ್ತಿರ ಓಡಿದಳು.

"ಮಾಸ್ತರ, ಧರೆಪ್ಪ ಮಣ್ಣಿಗೆ ಕೈ ಹಚ್ಚ್ಯಾನ್ರಿ! ನಾ ಕಣ್ಣಾರೆ ನೋಡೇನಿ, ಬರ್ಕೋರಿ!"

ಮಾಸ್ತರರು ಅವನನ್ನು ಕೇಳಿದರು.

"ಹೌದ್ರಿ, ಹಚ್ಚೇನಿ," ಎಂದ ಧರೆಪ್ಪ. ಎತ್ತುಗಳ ನೊಗ ಬಿಚ್ಚಲು ಹೋದ.

ಹತ್ತು ಅಂಕ ಹೋದವು. ತಾನು ಗೆದ್ದಂತೆಯೇ! ಅವನು ತಿದ್ದಿದ ಜಾಗವನ್ನು ಎಲ್ಲರಿಗೂ ತೋರಿಸುತ್ತೇನೆಂದು ತಾಯವ್ವ ಹೊಲಕ್ಕಿಳಿದಳು. ನೋಡಿದರೆ ಅವನ ಸಾಲಿನಲ್ಲಿ ಎಲ್ಲಿಯೂ ಕೈ ಆಡಿಸಿದ ಗುರುತಿಲ್ಲ. ಬದುವಿನ ಮೇಲೆ ಮಾತ್ರ ಹಸಿ ಮಣ್ಣು ಮೆತ್ತಿದ ಕಲ್ಲೊಂದು ಬಿದ್ದಿತ್ತು, ಕುಡಗೋಲಿನಷ್ಟು ಚೂಪು.

"ಲೇ ಧರೆಪ್ಪಾ, ಈ ಕಲ್ಲು ಎಲ್ಲಿದೋ?"

"ನನ್ನ ರಂಟಿಗೆ ಎದ್ದು ನಿನ್ನ ಪಟ್ಟಿಗೆ ಉರುಳಿತ್ತು, ಯಕ್ಕಾ. ನಿನ್ನ ಎತ್ತಿನ ಕಾಲಿಗೆ ಹತ್ತತಿತ್ತು."

"ಒದರಾಕ ಏನಾಗಿತ್ತು ನಿನಗ?"

"ಒದರಿದ್ರ ಎತ್ತು ಬೆದರಿ ನಿನ್ನ ಸಾಲು ಕೆಡ್ತಿತ್ತಲ್ಲ."

ತಾಯವ್ವನಿಗೆ ನಾಚಿಕೆಯಿಂದ ಮುಖ ಕೆಂಪಾಯಿತು. ಅವನ ಮೇಲೆ ಸಿಟ್ಟೂ ಬಂತು, ತನ್ನ ಮೇಲೆ ಇನ್ನೂ ಜಾಸ್ತಿ ಬಂತು. ಮತ್ತೆ ಮಾಸ್ತರರ ಹತ್ತಿರ ನಡೆದಳು.

"ನನ್ನ ದೂರು ವಾಪಸ್ ತಗೋತೇನ್ರಿ."

"ಹಂಗ ಬರಂಗಿಲ್ಲ ತಾಯವ್ವ. ಕೈ ಹಚ್ಚಿದ್ದು ಖರೆ ಐತಿ. ನಿಯಮ ಅಂದ್ರ ನಿಯಮ."

"ಕಡೀ ಸೀಟಿ ಊದೀರೇನು?"

"ಇನ್ನೂ ಇಲ್ಲ. ಎರಡು ಜೋಡಿ ಉಳದಾವು."

ತಾಯವ್ವ ಸೀರೆಯ ಸೆರಗು ಸಿಕ್ಕಿಸಿ ತನ್ನ ಸಾಲಿಗೆ ಇಳಿದಳು. ಎರಡೂ ಕೈ ತುಂಬ ಕರಿಮಣ್ಣು ಬಾಚಿ ಮೇಲಕ್ಕೆ ಎತ್ತಿ ಹಿಡಿದಳು.

"ನೋಡ್ರಿ ಮಾಸ್ತರ! ನಾನೂ ಹಚ್ಚೇನಿ! ನನ್ನೂ ಹತ್ತು ಕಳೀರಿ!"

"ಏ ಹುಚ್ಚೀ, ಗೆದ್ದಿದ್ದೆಲ್ಲಬೇ!" ಎಂದು ಗುರಪ್ಪ ತಲೆ ಚಚ್ಚಿಕೊಂಡ. ಜನ ಹೋ ಎಂದು ಟೋಪಿ, ಟವೆಲು ತೂರಿದರು. ಉಳಿದವರೆಲ್ಲ ಬಹಳ ಹಿಂದೆ ಬಿದ್ದಿದ್ದರು. ಒಂದೇ ಒಂದು ಅಂಕದಿಂದ ಧರೆಪ್ಪ ಮೊದಲು ಬಂದ.

ಬಹುಮಾನದ ತಾಮ್ರದ ಕೊಡ ಹೊತ್ತು ಅವನು ನಗುತ್ತಾ ಹತ್ತಿರ ಬಂದ. ತಾಯವ್ವ ಕಣ್ಣು ಒರೆಸಿಕೊಂಡು ಗದರಿದಳು: "ಹಲ್ಲು ಕಿಸೀಬ್ಯಾಡಲೇ! ಮುಂದಿನ ವರ್ಷ ಕಲ್ಲು ಬಂದ್ರ ಜೋರಾಗಿ ಒದರು. ಸಾಲು ಕೆಟ್ರ ಕೆಡ್ಲಿ, ನಿನ್ನ ನಾ ರಂಟಿ ಹೊಡದ ಸೋಲಸ್ತೇನಿ, ದೂರು ಕೊಟ್ಟಲ್ಲ."