ಅಲ್ಲಿ ಮಳೆ ಇಲ್ಲ ತಾನೇ?

ಬಿಸಿಬೇಳೆಬಾತ್ ಪುಡಿ ಮಾಡೋಣವೆಂದು, ಮೈಸೂರಿನಿಂದ ಅಮ್ಮ ಕಳಿಸಿದ್ದ ಪೊಟ್ಟಣ ಬಿಚ್ಚಿದೆ. ಚಕ್ಕೆ, ಮೊಗ್ಗುಗಳ ನಡುವೆ ಒಂದು ಹಿಡಿ ಕಲ್ಲುಹೂವು. ಒದ್ದೆ ಮರದ ತೊಗಟೆಯಂಥ ಆ ವಾಸನೆ ಮೂಗಿಗೆ ತಾಗಿದ್ದೇ ತಡ, ಒಲೆಯ ಮೇಲೆ ಬಾಣಲೆ ಕಾಯುತ್ತಿದ್ದರೂ ಕೈ ನಿಂತುಹೋಯಿತು. ಕೆಳಗಿನ ಮನೆಯ ಓಮಾ ನೆನಪಾದರು...

ಓಮಾ ಎಂದರೆ ಡಚ್ಚಿನಲ್ಲಿ ಅಜ್ಜಿ. ನನ್ನ ಮಗಳು ಹಾಗೆ ಕರೆಯುತ್ತಿದ್ದಳು, ನಮಗೂ ಅದೇ ರೂಢಿಯಾಯಿತು. ಡಚ್ ಊರಾದ ಜೂಟರ್‌ಮೀರ್‌ನ ನಮ್ಮ ಕಟ್ಟಡದಲ್ಲಿ ಅವರೂ ನಮ್ಮಂತೆ ಹೊರಗಿನವರು. ನಾರ್ವೆಯ ಉತ್ತರದ ತುದಿಯಲ್ಲಿ, ಹಿಮಸಾರಂಗ ಮೇಯಿಸುವ ಮನೆಯಲ್ಲಿ ಹುಟ್ಟಿ, ಡಚ್ ನಾವಿಕನನ್ನು ಮದುವೆಯಾಗಿ ಬಂದವರು. ಗಂಡ ತೀರಿಕೊಂಡಿದ್ದರು. ಅವರ ತಮ್ಮ ಇನ್ನೂ ಊರಲ್ಲೇ ಹಿಂಡು ಕಾಯುತ್ತಿದ್ದ. ಚಳಿಗಾಲದಲ್ಲಿ ಅವನು ಗುಡ್ಡ ಹತ್ತಿದರೆ ಫೋನಿಗೂ ಸಿಗುತ್ತಿರಲಿಲ್ಲ.

ಓಮಾಗೆ ಕಣ್ಣು ಮಂಜು. ನಾನು ಆಫೀಸಿಗೆ ಹೊರಟಾಗ ಬಾಗಿಲಲ್ಲಿ ಕಾದಿದ್ದು, ನನ್ನ ಫೋನಿನಲ್ಲಿ ಅವರೂರಿನ ಹವೆ ಕೇಳುತ್ತಿದ್ದರು. ಮೊದಲ ವರ್ಷ, ಜನವರಿಯ ಒಂದು ಬೆಳಿಗ್ಗೆ ನಾನು ಹಿಗ್ಗಿನಿಂದ ಹೇಳಿದೆ: "ಓಮಾ, ನಿಮ್ಮೂರಲ್ಲಿ ಇವತ್ತು ಚಳಿ ಕಮ್ಮಿ. ಮಳೆ ಬರ್ತಿದೆ!" ಮಳೆ ಬಂತು ಅಂದರೆ ಮನೆಮಂದಿಯೆಲ್ಲ ಸಂತೋಷಪಡುವುದನ್ನು ನೋಡಿ ಬೆಳೆದವಳು ನಾನು. ಓಮಾ ಗೋಡೆ ಹಿಡಿದು ಮೆಟ್ಟಿಲ ಮೇಲೆ ಕುಳಿತುಬಿಟ್ಟರು.

ಸಂಜೆ ನಮ್ಮ ಮನೆಗೆ ಬಂದು ವಿವರಿಸಿದರು. ಹಿಮ ಎಷ್ಟೇ ಬಿದ್ದರೂ ಸಾರಂಗ ಗೊರಸಿನಿಂದ ಕೆದರಿ, ಅಡಿಯಲ್ಲಿ ಬೆಳೆದ ಕಲ್ಲುಹೂವಿನ ಜಾತಿಯದೊಂದನ್ನು ತಿಂದು ಬದುಕುತ್ತದೆ. ಹಿಮದ ಮೇಲೆ ಮಳೆ ಸುರಿದು ಹೆಪ್ಪುಗಟ್ಟಿದರೆ ಮಾತ್ರ ನೆಲಕ್ಕೆ ಗಾಜಿನ ಮುಚ್ಚಳ ಹಾಕಿದಂತೆ. ಮೇವು ಕಾಲಡಿಯಲ್ಲೇ ಇದ್ದು ಹೊಟ್ಟೆ ಖಾಲಿ. ನಾನು ಮಸಾಲೆ ಡಬ್ಬಿಯಿಂದ ನಮ್ಮ ಕಲ್ಲುಹೂವು ತಂದು ಕೊಟ್ಟೆ. ಅಂಗೈಯಲ್ಲಿಟ್ಟು ಮೂಸಿ, "ಇದನ್ನ ನೀವು ಅನ್ನಕ್ಕೆ ಹಾಕ್ತೀರಾ?" ಎಂದು ನಕ್ಕರು. "ನಮ್ಮ ಸಾರಂಗಗಳು ನಿಮ್ಮನೇಲಿ ಸುಖವಾಗಿರ್ತಿದ್ವು."

ಹಿಂದೆ ಚಳಿಗಾಲದ ಮಳೆ ಅಪರೂಪವಂತೆ. ಬಂದರೂ ಹಿಂಡನ್ನು ಗುಡ್ಡ ದಾಟಿಸಿ ಹಳೆಯ ಕಾಡಿಗೆ ಹೊಡೆದರೆ, ಅಲ್ಲಿ ಕೊಂಬೆಗಳಿಂದಲೇ ಕಲ್ಲುಹೂವಿನಂಥ ಮೇವು ಜೋತಾಡುತ್ತಿತ್ತಂತೆ. ಈಗ ಆ ಗುಡ್ಡದ ತುಂಬ ಗಾಳಿಯಂತ್ರಗಳು. ರೆಕ್ಕೆ ತಿರುಗುವ ಕಡೆ ಅವರ ಹಿಂಡು ಕಾಲಿಡುತ್ತಿರಲಿಲ್ಲ.

ನಮ್ಮ ಫ್ರಿಜ್ಜಿನ ಮೇಲೆ ಕರೆಂಟ್ ಕಂಪನಿಯ ಕರಪತ್ರ ಅಂಟಿಸಿತ್ತು. ಬಿಳಿ ಗುಡ್ಡ, ಬಿಳಿ ಗಾಳಿಯಂತ್ರ. ಇದೊಂದನ್ನೂ ಕೇಳಿಸಿಕೊಳ್ಳದೆ ಆಗಷ್ಟೇ ಮನೆಗೆ ಬಂದ ನನ್ನ ಗಂಡ ಜಂಬದಿಂದ ತೋರಿಸಿದ: "ಓಮಾ, ನಮ್ದು ಫುಲ್ ಗ್ರೀನ್ ಎನರ್ಜಿ. ನೇಚರ್ ಉಳೀಬೇಕಲ್ವಾ?" ಓಮಾ ಅದನ್ನು ಕಣ್ಣಿಗೆ ಹತ್ತಿರ ಹಿಡಿದು ನೋಡಿದರು. "ಒಳ್ಳೇದೇ ಅಪ್ಪ. ಎಲ್ರಿಗೂ ಬೆಳಕು ಬೇಕು," ಎಂದಷ್ಟೇ ಹೇಳಿದರು. ನನಗೆ ನಾಚಿಕೆಯಾಯಿತು, ಸಿಟ್ಟೂ ಬಂತು. ಯಾರ ಮೇಲೆ ಸಿಟ್ಟಾಗುವುದು? ದೀಪ ಆರಿಸಿ ಕೂರಲಾದೀತೇ? ಕಲ್ಲಿದ್ದಲು ಸುಡಿ ಎನ್ನಲಾದೀತೇ? ಆ ಕೇಡಿನ ಮಳೆ ತಂದದ್ದೂ ಅದೇ ಹೊಗೆಯಲ್ಲವೇ...

ಅಂದಿನಿಂದ ಅವರ ಪ್ರಶ್ನೆ ಒಂದೇ: "ಅಲ್ಲಿ ಮಳೆ ಇಲ್ಲ ತಾನೇ?" ವರ್ಷ ಕಳೆದಂತೆ, 'ಇದೆ' ಎನ್ನಬೇಕಾದ ಬೆಳಗುಗಳೇ ಹೆಚ್ಚಾದವು. ನಾನೇ ಸುರಿಸಿದೆನೇನೋ ಎಂಬಂತೆ ತಲೆ ತಗ್ಗಿಸಿ ಹೇಳುತ್ತಿದ್ದೆ.

ಒಂದು ದಿನ ಒಳ್ಳೆಯ ಸುದ್ದಿಯಿತ್ತು. ಮೆಟ್ಟಿಲಿಳಿಯುತ್ತಲೇ ಕೂಗಿದೆ: "ಓಮಾ, ಬರೀ ಹಿಮ! ಮೈನಸ್ ಇಪ್ಪತ್ತು!" ಅವರು ಮೆಲ್ಲಗೆ ನನ್ನ ಫೋನಿನ ಮೇಲೆ ಕೈಯಿಟ್ಟರು.

"ಇನ್ನು ನೋಡ್ಬೇಡಮ್ಮ. ತಮ್ಮ ಉಳಿದ ಸಾರಂಗಗಳನ್ನೆಲ್ಲ ಮಾರಿಬಿಟ್ಟ."

ಮರುವರ್ಷ ಓಮಾ ತೀರಿಹೋದರು. ಕೆಳಗಿನ ಮನೆಗೆ ಈಗ ಆಮರ್ಸ್‌ಫೋರ್ಟ್ ಕಡೆಯ ಡಚ್ ದಂಪತಿ ಬಂದಿದ್ದಾರೆ, ಒಳ್ಳೆಯವರು.

ಫೋನಿನ ಹವೆಯ ಪಟ್ಟಿಯಲ್ಲಿ ಮೈಸೂರಿನ ಕೆಳಗೆ ಆ ಊರಿನ ಹೆಸರು ಇನ್ನೂ ಇದೆ, ಅಳಿಸಲು ಮನಸ್ಸಾಗಿಲ್ಲ. ಕಲ್ಲುಹೂವು ಕೈಯಲ್ಲಿ ಹಿಡಿದೇ ತೆರೆದು ನೋಡಿದೆ. ಜನವರಿ, ಅಲ್ಲಿ ಮಳೆ. ಹಸಿವಿನಿಂದ ಸಾಯಲು ಓಮಾರ ತಮ್ಮನ ಹಿಂಡು ಅಲ್ಲಿಲ್ಲ, ಕೇಳಲು ಓಮಾ ಕೆಳಗಿಲ್ಲ. ಆದರೂ ನನಗೆ ಭಯವಾಯಿತು.