ಹೋದರೆ ಒಂದು ಕಲ್ಲು

ನಮ್ಮ ಕೋಚಿಂಗ್ ಸೆಂಟರಿನಲ್ಲಿ ಭೌತಶಾಸ್ತ್ರಕ್ಕೆ ಇಬ್ಬರು, ರಸಾಯನಶಾಸ್ತ್ರಕ್ಕೆ ಇಬ್ಬರು, ಜೀವಶಾಸ್ತ್ರಕ್ಕೆ ನಾನೊಬ್ಬಳು, ಮತ್ತು ಏನೂ ಗೊತ್ತಿಲ್ಲದಿದ್ದಾಗ ಏನು ಮಾಡಬೇಕು ಎಂಬುದಕ್ಕೆ ಒಬ್ಬರು ಇದ್ದರು. ಆ ಕೊನೆಯವರೇ ಊಹೆ ಮೇಷ್ಟ್ರು. ನಾವು ವರ್ಷವಿಡೀ ಗಂಟಲು ಹರಿದುಕೊಂಡು ಕಲಿಸಿದ್ದು ಒಂದು ಕಿವಿಯಲ್ಲಿ ಹೊಕ್ಕು ಇನ್ನೊಂದರಲ್ಲಿ ಹೋಗುತ್ತಿತ್ತು. ಅವರು ಪರೀಕ್ಷೆಗೆ ಮುಂಚಿನ ಕೆಲವೇ ವಾರಗಳಲ್ಲಿ ಕಲಿಸಿದ್ದು ಮಾತ್ರ ಮಕ್ಕಳ ತಲೆಯಲ್ಲಿ ಗಟ್ಟಿಯಾಗಿ ಕೂರುತ್ತಿತ್ತು. ನನಗೆ ಅದರ ಬಗ್ಗೆ ಹೊಟ್ಟೆಕಿಚ್ಚಿರಲಿಲ್ಲ ಎಂದರೆ ಸುಳ್ಳಾಗುತ್ತದೆ.

ಸೆಂಟರು ಇದ್ದದ್ದು ಒಂದು ಚಪ್ಪಲಿ ಅಂಗಡಿಯ ಮೇಲಿನ ಮಹಡಿಯಲ್ಲಿ. ಮೆಟ್ಟಿಲು ಹತ್ತುವಾಗ ಹೊಸ ರಬ್ಬರಿನ ವಾಸನೆ, ಹತ್ತಿದ ಮೇಲೆ ಮುನ್ನೂರು ಮಕ್ಕಳ ಬೆವರಿನ ವಾಸನೆ. ಮಾಲೀಕರು ಮೊದಲು ಪಂಪ್‌ಸೆಟ್ ಮಾರುತ್ತಿದ್ದವರು. ನೀರೆತ್ತುವುದಕ್ಕಿಂತ ದುಡ್ಡೆತ್ತುವುದು ಸುಲಭ ಎಂದು ತಿಳಿದ ಮೇಲೆ ಈ ಕಡೆ ಬಂದಿದ್ದರು. ಖರ್ಚು ಉಳಿಸಲು ದೊಡ್ಡ ಹಾಲಿಗೂ ನಮ್ಮ ಸ್ಟಾಫ್ ರೂಮಿಗೂ ನಡುವೆ ಪ್ಲೈವುಡ್ ಹಲಗೆ ಹೊಡೆಸಿದ್ದರು. ಆ ಕಡೆ ಯಾರಾದರೂ ಸೀನಿದರೆ ಈ ಕಡೆ ನಮ್ಮ ಟೀ ಲೋಟ ಅಲುಗುತ್ತಿತ್ತು. ಹೀಗಾಗಿ ಊಹೆ ಮೇಷ್ಟ್ರ ಪಾಠ ನನಗೂ ಬಾಯಿಪಾಠವಾಗಿತ್ತು.

ವೈದ್ಯಕೀಯ ಪ್ರವೇಶ ಪರೀಕ್ಷೆಯ ನಿಯಮ ಇಷ್ಟೇ. ಪ್ರತಿ ಪ್ರಶ್ನೆಗೂ ನಾಲ್ಕು ಉತ್ತರ ಕೊಟ್ಟಿರುತ್ತಾರೆ. ಸರಿಯಾದ ವೃತ್ತ ತುಂಬಿದರೆ ನಾಲ್ಕು ಅಂಕ. ತಪ್ಪು ತುಂಬಿದರೆ ಇರುವುದರಲ್ಲಿ ಒಂದು ಕಡಿತ. ಖಾಲಿ ಬಿಟ್ಟರೆ ಕೊಡುವುದೂ ಇಲ್ಲ, ಕೀಳುವುದೂ ಇಲ್ಲ. ಗೊತ್ತಿಲ್ಲದ ಪ್ರಶ್ನೆಯನ್ನು ಬಿಡುವುದೇ ಮರ್ಯಾದೆ ಎಂದು ಮಕ್ಕಳು ಅಂದುಕೊಂಡಿರುತ್ತಿದ್ದರು. ಆ ಮರ್ಯಾದೆಯನ್ನು ಕಳೆಯುವುದೇ ಮೇಷ್ಟ್ರ ಉದ್ಯೋಗ.

"ಏನೂ ಗೊತ್ತಿಲ್ಲ ಅಂತ್ಲೇ ಇಟ್ಕೊಳ್ಳಿ," ಎಂದು ಶುರುಮಾಡುತ್ತಿದ್ದರು. "ಕಣ್ಣು ಮುಚ್ಚಿ ನಾಲ್ಕು ಪ್ರಶ್ನೆ ತುಂಬಿದ್ರೆ ಸರಾಸರಿ ಒಂದು ಸರಿ, ಮೂರು ತಪ್ಪು. ನಾಲ್ಕು ಬಂತು, ಮೂರು ಹೋಯ್ತು. ಒಂದು ಉಳೀತು. ಒಂದು ಆಪ್ಷನ್ ಖಂಡಿತ ತಪ್ಪು ಅಂತ ಗೊತ್ತಾದ್ರೆ ಇನ್ನೂ ಲಾಭ. ಎರಡು ಹೊಡೆದು ಹಾಕೋಕೆ ಬಂದ್ರೆ ಬಿಡೋನು ಮೂರ್ಖ. ಹೋದ್ರೆ ಒಂದು ಕಲ್ಲು, ಬಿದ್ರೆ ಒಂದು ಹಣ್ಣು."

ಮಕ್ಕಳು ನಂಬದಿದ್ದರೆ ಕೆಳಗಿನಿಂದ ವಾಚ್‌ಮನ್‌ನನ್ನು ಕರೆಸುತ್ತಿದ್ದರು. ಅವನ ಕೈಗೆ ಪೆನ್ನು ಕೊಟ್ಟು, ಪ್ರಶ್ನೆಪತ್ರಿಕೆ ತೋರಿಸದೆ, ನಲವತ್ತು ಪ್ರಶ್ನೆಗೆ ಮನಸ್ಸಿಗೆ ಬಂದ ವೃತ್ತ ತುಂಬಿಸುತ್ತಿದ್ದರು. ಒಂದು ಸಲ ಅವನಿಗೆ ಹದಿನೈದು ಅಂಕ ಬಂತು. ಅದೇ ಪತ್ರಿಕೆಯಲ್ಲಿ ಹಿಂದಿನ ವಾರ ಹನ್ನೆರಡು ತೆಗೆದಿದ್ದ ಹುಡುಗ ಮುಖ ಎಲ್ಲಿಡಬೇಕೆಂದು ತಿಳಿಯದೆ ಡೆಸ್ಕಿನ ಕೆಳಗೆ ಪೆನ್ನು ಹುಡುಕತೊಡಗಿದ. ಅಂದಿನಿಂದ ವಾಚ್‌ಮನ್‌ಗೆ ಎಲ್ಲರೂ "ಡಾಕ್ಟ್ರೇ" ಎನ್ನತೊಡಗಿದರು. ಅವನೂ ಓಗೊಡತೊಡಗಿದ.

ಇಷ್ಟು ಧೈರ್ಯ ಮಾರುತ್ತಿದ್ದ ಮನುಷ್ಯ ತಾನು ಮಹಾ ಪುಕ್ಕಲ. ರಸ್ತೆ ದಾಟುವಾಗ ಎರಡೂ ಕಡೆ ಖಾಲಿಯಿದ್ದರೂ ಯಾರಾದರೂ ದಾಟಲಿ ಎಂದು ಕಾಯುತ್ತಿದ್ದರು. ಅದಕ್ಕೆ ಕಾರಣವಿತ್ತು. ತಮ್ಮ ಹರೆಯದಲ್ಲಿ ಅವರೂ ಡಾಕ್ಟರಾಗಲು ಪರೀಕ್ಷೆ ಬರೆದಿದ್ದರು. ಆಗಿನ ನಿಯಮ ಬೇರೆ. ಸರಿಯಾದದ್ದಕ್ಕೆ ಒಂದು ಅಂಕ, ತಪ್ಪಿಗೆ ಅರ್ಧ ಅಂಕ ಕಡಿತ. ಆ ಲೆಕ್ಕದಲ್ಲಿ ಕಣ್ಣು ಮುಚ್ಚಿ ತುಂಬಿದವನಿಗೆ ನಷ್ಟವೇ. ಕೊನೆಯ ಪುಟಕ್ಕೆ ಸಮಯ ಸಾಲದೆ ಇವರು ಸಿಕ್ಕಸಿಕ್ಕಲ್ಲಿ ಗುರುತು ಹಾಕಿ ಬಂದರು, ಒಂದೂವರೆ ಅಂಕದಲ್ಲಿ ಸೀಟು ತಪ್ಪಿತು. ಆಮೇಲೆ ಗಣಿತ ಓದಿ ಮೇಷ್ಟ್ರಾದರು. ಹೊಸ ನಿಯಮ ಅವರ ತಲೆಗೆ ಹೋಗಿತ್ತು, ಬೋರ್ಡಿನ ಮೇಲೂ ಬರುತ್ತಿತ್ತು. ಹೊಟ್ಟೆ ಮಾತ್ರ ಹಳೆಯ ನಿಯಮದಲ್ಲೇ ಉಳಿದಿತ್ತು.

ಅವರ ಮಗಳು ನಮ್ಮ ಬ್ಯಾಚಿಗೇ ಸೇರಿದಳು. ಒಬ್ಬಳೇ ಮಗಳು. ತಾಯಿ ಆಸ್ಪತ್ರೆಯಲ್ಲಿ ನರ್ಸು. ಡಾಕ್ಟರುಗಳ ಹಿಂದೆ ಟ್ರೇ ಹಿಡಿದು ನಿಂತೇ ಕಾಲು ಊದಿಸಿಕೊಂಡ ಹೆಂಗಸು. ಮಗಳಾದರೂ ಮುಂದೆ ನಿಲ್ಲಲಿ ಎಂಬುದು ಆಕೆಯ ಒಂದೇ ಆಸೆ. ಹುಡುಗಿ ನನ್ನ ಪಾಠದಲ್ಲಿ ಚುರುಕು. ಹೃದಯದ ಕವಾಟಗಳನ್ನು ಬರೆಯಲು ಹೇಳಿದರೆ ಉಳಿದವರು ಹೂಕೋಸು ಬರೆಯುತ್ತಿದ್ದರು, ಇವಳು ಹೃದಯವನ್ನೇ ಬರೆಯುತ್ತಿದ್ದಳು. ಭೌತಶಾಸ್ತ್ರದಲ್ಲಿ ಸ್ವಲ್ಪ ಕುಂಟುತ್ತಿದ್ದಳು. ಅಂಥವರಿಗೇ ಊಹೆ ಬೇಕಾಗುವುದು.

ಎರಡು ಮಾಕ್ ಟೆಸ್ಟುಗಳಲ್ಲಿ ಅವಳು ಅಪ್ಪ ಕಲಿಸಿದಂತೆ ಧೈರ್ಯವಾಗಿ ತುಂಬಿದಳು. ಎರಡರಲ್ಲೂ ಕೈಕೊಟ್ಟಿತು, ಇದ್ದ ಅಂಕವೂ ಹೋಯಿತು. ಬೇರೆ ಮಕ್ಕಳಿಗಾಗಿದ್ದರೆ ಮೇಷ್ಟ್ರು "ಎರಡು ಟೆಸ್ಟಿಂದ ಏನೂ ತಿಳಿಯಲ್ಲ" ಎಂದು ಬೆನ್ನು ತಟ್ಟುತ್ತಿದ್ದರು. ಇಲ್ಲಿ ಅವರ ಮುಖ ಬಿಳಿಚಿಕೊಂಡಿತು.

ಪರೀಕ್ಷೆಗೆ ಮೂರ್ನಾಲ್ಕು ದಿನ ಇರುವಾಗ ಹುಡುಗಿ ಸ್ಟಾಫ್ ರೂಮಿಗೆ ಬಂದು ನನ್ನ ಮೇಜಿನ ಹತ್ತಿರ ನಿಂತಳು.

"ಮಿಸ್, ಅಪ್ಪ ಕ್ಲಾಸಲ್ಲಿ ಒಂದು ಹೇಳ್ತಾರೆ, ಮನೇಲಿ ಒಂದು ಹೇಳ್ತಾರೆ. ಮನೇಲಿ, ಖಚಿತ ಇಲ್ದಿದ್ರೆ ಮುಟ್ಟಲೇಬೇಡ ಅಂತಾರೆ. ಯಾವ ಅಪ್ಪನ ಮಾತು ಕೇಳ್ಲಿ?"

"ಕ್ಲಾಸಿನ ಅಪ್ಪನ ಮಾತು ಕೇಳು," ಎಂದೆ. "ಅಲ್ಲಿ ಅವರಿಗೆ ಬುದ್ಧಿ ಇರುತ್ತೆ."

ಹುಡುಗಿ ನಕ್ಕಳು. ನಾನು ನಗಲಿಲ್ಲ. ಮೇಷ್ಟ್ರು ಟೀ ಕುಡಿಯಲು ಬಂದಾಗ ಮುಖಕ್ಕೇ ಹೇಳಿದೆ, "ಊರಿಗೆಲ್ಲ ದೀಪ ಹಿಡೀತೀರ, ನಿಮ್ಮ ಬುಡದಲ್ಲೇ ಕತ್ತಲು. ಆ ಮಗೂನ ಯಾಕೆ ಹೆದರಿಸ್ತೀರ?"

ಅವರು ಲೋಟ ಕೆಳಗಿಟ್ಟರು. "ಮೇಡಂ, ಮುನ್ನೂರು ಜನಕ್ಕೆ ನಾನು ಹೇಳೋದು ಸರಾಸರಿ. ಇನ್ನೂರು ಜನಕ್ಕೆ ಲಾಭ ಆಗುತ್ತೆ, ನೂರು ಜನಕ್ಕೆ ಆಗಲ್ಲ. ಆ ನೂರು ಜನ ಯಾರು ಅಂತ ನಾನು ನೋಡೋಕೆ ಹೋಗಲ್ಲ. ಮನೇಲಿರೋದು ಒಬ್ಳು."

ಆ ನೂರು ಜನಕ್ಕೂ ಮನೆಯಿದೆ, ಅಲ್ಲೂ ಒಬ್ಬಳೇ ಇರಬಹುದು ಎಂದು ನಾನು ಹೇಳಿದೆ. ಅವರು ಟೀಯನ್ನು ಅರ್ಧಕ್ಕೇ ಬಿಟ್ಟು ಎದ್ದುಹೋದರು.

ಪರೀಕ್ಷೆಯ ದಿನ ಗೇಟಿನ ಹತ್ತಿರ ಅವರು ಮಗಳ ಕೈ ಹಿಡಿದು ಮಾತು ತೆಗೆದುಕೊಂಡರು. ಗೊತ್ತಿರುವುದನ್ನಷ್ಟೇ ತುಂಬುತ್ತೇನೆ, ಉಳಿದದ್ದನ್ನು ಬಿಡುತ್ತೇನೆ ಎಂದು ಅವಳ ಬಾಯಿಂದಲೇ ಹೇಳಿಸಿದರು. ಅವಳು ಒಳಗೆ ಹೋದಳು. ಕೊಟ್ಟ ಮಾತಿನಂತೆ ಹನ್ನೆರಡು ಪ್ರಶ್ನೆ ಬಿಟ್ಟಳು. ಆದರೆ ಕೈ ಸುಮ್ಮನಿರಬೇಕಲ್ಲ, ತನಗೆ ಸರಿ ಎನ್ನಿಸಿದ ಉತ್ತರದ ಪಕ್ಕ ಪ್ರಶ್ನೆಪತ್ರಿಕೆಯಲ್ಲಿ ಒಂದೊಂದು ಚುಕ್ಕೆ ಇಟ್ಟುಕೊಂಡು ಬಂದಳು.

ಆ ವರ್ಷ ಕಟಾಫ್ ಮೇಲೇರಿತು. ಏರದೆ ಏನು ಮಾಡುತ್ತದೆ? ಎಲ್ಲ ಊರಿನಲ್ಲೂ ಒಬ್ಬೊಬ್ಬ ಊಹೆ ಮೇಷ್ಟ್ರು ಹುಟ್ಟಿಕೊಂಡಿದ್ದರು. ಎಲ್ಲರೂ ಏನೂ ಬಿಡದೆ ತುಂಬಿದರೆ ಸಾಲಿನ ತಲೆಯೇ ಮೇಲೆ ಹೋಗುತ್ತದೆ, ಬಿಟ್ಟವರು ಕೆಳಗೆ ಉಳಿಯುತ್ತಾರೆ. ಹುಡುಗಿಗೆ ಒಂಬತ್ತು ಅಂಕ ಕಡಿಮೆಯಾಯಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಕೀ ಆನ್ಸರ್ ಹಿಡಿದು ಲೆಕ್ಕ ಹಾಕಿದವರು ಮೇಷ್ಟ್ರೇ. ನಮ್ಮ ಸ್ಟಾಫ್ ರೂಮಿನಲ್ಲಿ, ನನ್ನೆದುರಿಗೇ. ಮಗಳು ಪಕ್ಕದಲ್ಲಿ ನಿಂತಿದ್ದಳು. ಚುಕ್ಕೆಯಿಟ್ಟ ಹನ್ನೆರಡರಲ್ಲಿ ಐದು ಸರಿ, ಏಳು ತಪ್ಪು. ಇಪ್ಪತ್ತು ಬರುತ್ತಿತ್ತು, ಏಳು ಹೋಗುತ್ತಿತ್ತು. ಹದಿಮೂರು. ಅವರು ಆ ಸಂಖ್ಯೆಯನ್ನು ಬರೆದು, ಅದರ ಕೆಳಗೆ ಗೆರೆ ಎಳೆದು, ಗೆರೆಯ ಮೇಲೇ ಮತ್ತೆ ಮತ್ತೆ ಎಳೆಯುತ್ತ ಕೂತರು. ಕಾಗದ ಹರಿಯಿತು.

"ಉಲ್ಟಾನೂ ಆಗ್ಬಹುದಿತ್ತು," ಎಂದರು. "ಎರಡೇ ಸರಿ ಬಂದಿದ್ರೆ?"

"ಆಗ್ಬಹುದಿತ್ತು," ಎಂದಳು ಹುಡುಗಿ. "ಆದ್ರೆ ಅಪ್ಪ, ಹೆಸರೂ ಗೊತ್ತಿಲ್ಲದ ಮುನ್ನೂರು ಜನರ ಊಹೆ ಮೇಲೆ ನಿಮಗೆ ನಂಬಿಕೆ ಇತ್ತು. ವಾಚ್‌ಮನ್ ಮೇಲೂ ಇತ್ತು. ನನ್ನ ಮೇಲೆ ಮಾತ್ರ ಇರ್ಲಿಲ್ಲ."

ಅವಳು ಅಳಲಿಲ್ಲ. ಅತ್ತಿದ್ದರೆ ನಮಗೆಲ್ಲ ಅನುಕೂಲವಾಗುತ್ತಿತ್ತು, ಸಮಾಧಾನ ಮಾಡುವ ಕೆಲಸವಾದರೂ ಇರುತ್ತಿತ್ತು. ಅದೇ ಮಧ್ಯಾಹ್ನ ಹಿಂದಿನ ಬೆಂಚಿನ ಹುಡುಗನೊಬ್ಬ ಸ್ವೀಟ್ ಡಬ್ಬ ಹಿಡಿದು ಬಂದ. ಕಾಲು ಭಾಗ ಪತ್ರಿಕೆಯನ್ನು ಊಹೆಯಲ್ಲೇ ತುಂಬಿ ಸೀಟು ಹೊಡೆದವನು. "ನಿಮ್ಮಿಂದಾನೇ ಸಾರ್" ಎಂದು ಮೇಷ್ಟ್ರ ಕಾಲು ಮುಟ್ಟಿ, ಬಾಯಿಗೆ ಒಂದು ತುಂಡು ಇಟ್ಟೇ ಹೋದ. ಅವರು ಅಗಿದರು, ನುಂಗಿದರು, ಇನ್ನೇನು ಮಾಡುತ್ತಾರೆ.

ಮಾಲೀಕರಿಗೆ ವಿಷಯ ತಿಳಿಯಲು ತಡವಾಗಲಿಲ್ಲ. ಸಮಾಧಾನ ಹೇಳಲು ಬಂದರು ಎಂದುಕೊಂಡೆ. "ಮೇಷ್ಟ್ರೇ, ಬೇಜಾರು ಮಾಡ್ಕೋಬೇಡಿ," ಎಂದರು. "ಆದ್ರೆ ಯೋಚನೆ ಮಾಡಿ, ಬಿಟ್ಟರೆ ಏನಾಗುತ್ತೆ ಅನ್ನೋದಕ್ಕೆ ಇದಕ್ಕಿಂತ ಒಳ್ಳೆ ಉದಾಹರಣೆ ಸಿಗುತ್ತಾ? ವಾಚ್‌ಮನ್ ಆಟ ಹಳೇದಾಯ್ತು." ಮೇಷ್ಟ್ರು ಏನೂ ಹೇಳಲಿಲ್ಲ. ನಾನು ಆ ಮೌನವನ್ನು ಬೇಡ ಎಂದು ಅರ್ಥ ಮಾಡಿಕೊಂಡೆ. ನನಗೂ ಆಗಾಗ ಮನುಷ್ಯರ ಬಗ್ಗೆ ಒಳ್ಳೆಯದನ್ನು ಯೋಚಿಸುವ ರೋಗ ಬರುತ್ತದೆ.

ತಿಂಗಳುಗಳು ಹೋದವು. ಮನೆಯಲ್ಲಿ ಹುಡುಗಿ ಅಪ್ಪನೊಂದಿಗೆ ಊಟಕ್ಕೆ ಕರೆಯುವಷ್ಟು ಮಾತ್ರ ಮಾತಾಡುತ್ತಿದ್ದಾಳೆ ಎಂದು ಅವರೇ ಒಮ್ಮೆ ಹೇಳಿದರು. ಹೆಂಡತಿ ಅಷ್ಟೂ ಇಲ್ಲ. ಮತ್ತೊಮ್ಮೆ ಬರೆ ಎಂದು ಅವಳನ್ನು ಕೇಳಲು ಅವರಿಗೆ ಬಾಯಿ ಬರುತ್ತಿರಲಿಲ್ಲ. ಅವಳಾಗಿ ಹೇಳುತ್ತಾಳೇನೋ ಎಂದು ಕಾಯುತ್ತಿದ್ದರು. ದಿನಾ ಟೀ ಹೊತ್ತಿಗೆ ಅದೇ ಮಾತು, "ಇವತ್ತು ಏನಾದ್ರೂ ಹೇಳ್ತಾಳೇನೋ, ಮೇಡಂ."

ಹೊಸ ಬ್ಯಾಚಿನ ಊಹೆ ಪಾಠ ಶುರುವಾದ ದಿನ ಅವಳು ಬಂದಳು. ಮೆಟ್ಟಿಲು ಹತ್ತಿ ಬಂದ ಏದುಸಿರು, ಹೆಗಲಿಗೆ ಹಳೆಯ ಬ್ಯಾಗು. ಆ ಕಡೆ ಹಾಲಿನಲ್ಲಿ ಅಪ್ಪನ ದನಿ ಕೇಳಿ ನನ್ನ ಹತ್ತಿರವೇ ಕುರ್ಚಿ ಎಳೆದುಕೊಂಡಳು.

"ಮಿಸ್, ಇನ್ನೊಂದು ಸಲ ಬರೀತೀನಿ. ಅಪ್ಪನಿಗೆ ಹೇಳೋಣ ಅಂತ ಬಂದೆ. ಮನೇಲಿ ಹೇಳೋಕೆ ಒಂಥರಾ ಆಗುತ್ತೆ. ಪಾಪ, ಅವರಿಗೂ ಎಷ್ಟು ದಿನ ಶಿಕ್ಷೆ ಕೊಡೋದು."

ನನಗೆ ಎಷ್ಟು ಸಂತೋಷವಾಯಿತೆಂದರೆ, ತಿದ್ದುತ್ತಿದ್ದ ಉತ್ತರಪತ್ರಿಕೆಗೆ ಇಲ್ಲದ ಎರಡು ಅಂಕ ಹಾಕಿಬಿಟ್ಟೆ. ಇಬ್ಬರೂ ಪಾಠ ಮುಗಿಯುವುದನ್ನು ಕಾಯುತ್ತ ಕೂತೆವು. ಹಲಗೆಯ ಆಚೆ ಮೇಷ್ಟ್ರು ಬೋರ್ಡಿಗೆ ಕುಟ್ಟಿ ಸೀಮೆಸುಣ್ಣ ಮುರಿದರು.

"ಒಬ್ಬ ಹುಡುಗಿ ಇದ್ಲು," ಎಂದರು. "ಇದೇ ಬೆಂಚಲ್ಲಿ ಕೂತವಳು. ಜಾಣೆ. ಹನ್ನೆರಡು ಪ್ರಶ್ನೆ ಖಾಲಿ ಬಿಟ್ಟು ಬಂದ್ಲು."

"ಯಾಕೆ ಸಾರ್?"

"ಭಯ. ನಾನು ನೂರು ಸಲ ಹೇಳಿದ್ದೆ, ಬಿಡಬೇಡ, ತುಂಬು ಅಂತ. ಪರೀಕ್ಷೆ ದಿನ ಗೇಟಿನ ಹತ್ರ ನಿಂತೂ ಹೇಳಿದೆ. ಕೇಳಲಿಲ್ಲ. ಮೇಷ್ಟ್ರಿಗಿಂತ ತನಗೇ ಹೆಚ್ಚು ಗೊತ್ತು ಅಂದ್ಕೊಂಡ್ಲು. ಒಂಬತ್ತು ಅಂಕದಲ್ಲಿ ಸೀಟು ಹೋಯ್ತು. ಬಿಟ್ಟಿದ್ದರಲ್ಲಿ ಹದಿಮೂರು ಬಿದ್ದಿತ್ತು."

"ಎಂಥಾ ದಡ್ಡಿ ಸಾರ್," ಎಂದಿತು ಒಂದು ದನಿ. ಹಾಲು ಪೂರ್ತಿ ನಕ್ಕಿತು. ಮೇಷ್ಟ್ರೂ ನಕ್ಕರು. ನನ್ನ ಟೀ ಲೋಟ ಅಲುಗಿತು.

ಹುಡುಗಿ ಹಲಗೆಯನ್ನೇ ನೋಡುತ್ತಿದ್ದಳು. ಸ್ವಲ್ಪ ಹೊತ್ತಿನ ಮೇಲೆ ಎದ್ದು ಬ್ಯಾಗು ಹೆಗಲಿಗೇರಿಸಿದಳು.

"ಗೇಟಿನ ಹತ್ರ ನಿಂತು ಹೇಳಿದ್ದು ಮಾತ್ರ ನಿಜ," ಎಂದಳು. "ಮಿಸ್, ನಾನು ಬಂದಿದ್ದೆ ಅಂತ ಅವರಿಗೆ ಹೇಳಬೇಡಿ."

ನಾನು ಹೇಳಿದೆ. ಮೇಷ್ಟ್ರು ಕೈಯ ಸುಣ್ಣ ಕೊಡವುತ್ತ ಒಳಗೆ ಬಂದಾಗ, ಅವಳು ಯಾಕೆ ಬಂದಿದ್ದಳು, ಎಲ್ಲಿ ಕೂತಿದ್ದಳು, ಏನೇನು ಕೇಳಿಸಿಕೊಂಡಳು, ಒಂದನ್ನೂ ಬಿಡದೆ ಹೇಳಿದೆ. ಅವರಿಗೆ ನೋಯಬೇಕು ಎಂದೇ ಹೇಳಿದೆ. ಅವರು ಅವಳು ಕೂತಿದ್ದ ಕುರ್ಚಿಯನ್ನು ಮುಟ್ಟಿ, ಅದರಲ್ಲಿ ಕೂರದೆ, ಪಕ್ಕದ್ದರಲ್ಲಿ ಕೂತರು.

"ಮೇಷ್ಟ್ರೇ ತಪ್ಪು ಹೇಳಿದ್ರು ಅಂದ್ರೆ ಮಕ್ಕಳು ನಂಬ್ತಾರಾ, ಮೇಡಂ?" ಎಂದರು. "ಮಾಲೀಕರು ಹಾಗೇ ಹೇಳಿ ಅಂದ್ರು."

"ಕೆಳಗೆ ಹೋಗಿ. ಇನ್ನೂ ಬಸ್ ಸ್ಟಾಪಲ್ಲೇ ಇರ್ತಾಳೆ."

ಅವರು ಎದ್ದರು. ಬಾಗಿಲ ತನಕ ಹೋದರು. ಅಷ್ಟರಲ್ಲಿ ಎರಡನೆಯ ಬ್ಯಾಚಿನ ಗಂಟೆ ಹೊಡೆಯಿತು. ಎಡಕ್ಕೆ ಮೆಟ್ಟಿಲು, ಬಲಕ್ಕೆ ಹಾಲು. ರಸ್ತೆ ದಾಟುವಾಗ ನಿಲ್ಲುವಂತೆಯೇ ನಿಂತರು. ಆಮೇಲೆ ಬಾಗಿಲ ಪಕ್ಕದ ಮೇಜಿನ ಮೇಲಿದ್ದ ಸೀಮೆಸುಣ್ಣದ ಡಬ್ಬಿಯನ್ನು ತೆಗೆದುಕೊಂಡು ಬಲಕ್ಕೆ ತಿರುಗಿದರು.

ಒಂದು ವಾಕ್ಯವನ್ನಾದರೂ ಬದಲಾಯಿಸುತ್ತಾರೇನೋ ಎಂದು ನಾನು ಪೆನ್ನು ಕೆಳಗಿಟ್ಟು ಕಿವಿಗೊಟ್ಟು ಕೂತೆ. ನಾಲ್ಕು ಬಂತು, ಮೂರು ಹೋಯ್ತು, ಒಂದು ಉಳೀತು. ಆಮೇಲೆ, ಒಬ್ಬ ಹುಡುಗಿ ಇದ್ಲು. ಗೇಟಿನ ಹತ್ರ ನಿಂತೂ ಹೇಳಿದೆ, ಕೇಳಲಿಲ್ಲ. ಈ ಬ್ಯಾಚಿನ ಮಕ್ಕಳು ಇನ್ನೂ ಜೋರಾಗಿ ನಕ್ಕರು.