ಡಾಕ್ಟರರ ಮೇಜಿನ ಮೇಲೆ ಬಡಿದ ರೊಟ್ಟಿ

ಹೋದ ಬೆರಳುಗಳ ಬಗ್ಗೆ ಯಾರ ತಕರಾರೂ ಇರಲಿಲ್ಲ. ಅವ್ವನ ಬಲಗೈಯ ಕಿರುಬೆರಳು ಮತ್ತು ಅದರ ಪಕ್ಕದ್ದು, ಎರಡೂ ಬುಡದಿಂದಲೇ ಹೋಗಿದ್ದವು. ಯಾರು ಬೇಕಾದರೂ ನೋಡಿ ಎಣಿಸಬಹುದಿತ್ತು. ತಕರಾರೆಲ್ಲ ಉಳಿದ ಮೂರು ಬೆರಳುಗಳದು. ಅವು ಇದ್ದವು, ಆದರೆ ಕೆಲಸಕ್ಕೆ ಬರುತ್ತಿರಲಿಲ್ಲ. ಹೆಬ್ಬೆರಳು ಬಾಗುತ್ತಿರಲಿಲ್ಲ, ಮುಂಗೈ ತಿರುಗುತ್ತಿರಲಿಲ್ಲ, ಅಂಗೈಗೆ ಏನಾದರೂ ತಾಗಿದರೆ ಅವ್ವ ಹಲ್ಲು ಕಚ್ಚಿ ಕಣ್ಣು ಮುಚ್ಚುತ್ತಿದ್ದಳು. ಇಷ್ಟನ್ನು ಡಾಕ್ಟರರಿಗೆ ಮರಾಠಿಯಲ್ಲಿ ಹೇಳುವ ಕೆಲಸ ನನ್ನದಾಗಿತ್ತು. ನನಗಾಗ ಹನ್ನೊಂದು ವರ್ಷ. ನಾನು ಹೇಳಲಿಲ್ಲ.

ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ಅಪ್ಪ ಅವ್ವ ಗುಲಬರ್ಗಾ ಕಡೆಯಿಂದ ಪುಣೆಗೆ ಬಂದು ಆಗಲೇ ಬಹಳ ವರ್ಷಗಳಾಗಿದ್ದವು. ಅಪ್ಪ ಮಾರ್ಕೆಟ್ ಯಾರ್ಡಿನಲ್ಲಿ ಹಮಾಲಿ, ಅವ್ವ ಹಡಪಸರದ ಕಡೆ ಒಂದು ಡಬ್ಬಿ ಕಾರ್ಖಾನೆಯಲ್ಲಿ. ಎಣ್ಣೆ ಡಬ್ಬಿಗಳ ಮುಚ್ಚಳ ಒತ್ತುವ ಯಂತ್ರದ ಮುಂದೆ ದಿನವಿಡೀ ನಿಲ್ಲಬೇಕಿತ್ತು. ಒಂದು ದಿನ ಆ ಯಂತ್ರ ಮುಚ್ಚಳದ ಜೊತೆಗೆ ಅವ್ವನ ಕೈಯನ್ನೂ ಒತ್ತಿತು. ತಪ್ಪು ಯಾರದು ಎಂಬ ಪ್ರಶ್ನೆಯನ್ನು ಯಾರೂ ಕೇಳಲಿಲ್ಲ. ನಮ್ಮಂಥವರ ಮನೆಯಲ್ಲಿ ಆ ಪ್ರಶ್ನೆ ಕೇಳುವ ರೂಢಿಯೂ ಇರಲಿಲ್ಲ.

ಕಾರ್ಖಾನೆಯ ಕೆಲಸಗಾರರಿಗೆ ಸರ್ಕಾರದ ವಿಮೆ ಇತ್ತು. ಗಾಯ ಮಾಯ್ದ ಮೇಲೆ ಮೂವರು ಡಾಕ್ಟರರು ಒಟ್ಟಿಗೆ ಕೂತು, ಕೈಯೋ ಕಾಲೋ ನೂರಕ್ಕೆ ಎಷ್ಟು ಹೋಯಿತು ಎಂದು ಬರೆಯುತ್ತಿದ್ದರು. ಅದಕ್ಕೆ ಬೋರ್ಡ್ ಎನ್ನುತ್ತಿದ್ದರು. ಹೆಚ್ಚು ಬರೆದರೆ ಜೀವ ಇರುವವರೆಗೆ ತಿಂಗಳು ತಿಂಗಳು ಪೆನ್ಷನ್. ಕಡಿಮೆ ಬರೆದರೆ ಒಂದೇ ಸಲ ಏನೋ ಒಂದಿಷ್ಟು ಕೊಟ್ಟು ಕೈತೊಳೆದುಕೊಳ್ಳುತ್ತಿದ್ದರು. ಅಪ್ಪ ಮೊದಲೇ ಹೇಳಿಬಿಟ್ಟಿದ್ದ: "ಪೆನ್ಸಿನ್ ಬಂತಂದ್ರ ಹುಡುಗಿ ಸಾಲಿಗಿ ಹೋಗ್ಲಿ. ಬರಲಿಲ್ಲಂದ್ರ ನಾಕು ಮನಿ ಭಾಂಡಿ ತಿಕ್ಕಲಿ, ಮತ್ತೇನ್ ಮಾಡದು." ಅಪ್ಪ ಕೆಟ್ಟವನಲ್ಲ. ಮೂಟೆ ಹೊತ್ತು ಹೊತ್ತು ಅವನ ಮಾತೂ ಅಷ್ಟಕ್ಕಷ್ಟೇ ಆಗಿತ್ತು.

ಈಗ ನಮ್ಮ ಮನೆಯ ಗುಟ್ಟು ಹೇಳಬೇಕು. ಆಸ್ಪತ್ರೆಯಿಂದ ಅವ್ವ ಮನೆಗೆ ಬಂದ ಎಂಟು ದಿನಕ್ಕೇ ಊರಿನಿಂದ ಅಪ್ಪನ ಅವ್ವ ಹೇಳಿಕಳಿಸಿದ್ದಳು: "ಕೈ ಇಲ್ಲದಾಕಿ ಹ್ಯಾಂಗ ಬಾಳೇ ಮಾಡ್ತಾಳ? ರೊಟ್ಟಿ ಬಡಿಯಾಕಿ ಒಬ್ಬಾಕಿನ್ನ ನೋಡ್ತೀನಿ, ಹ್ಞೂಂ ಅನ್ನು." ನಮ್ಮ ಕಡೆ ಇದು ಚೇಷ್ಟೆಯ ಮಾತಲ್ಲ. ರೊಟ್ಟಿ ಬಡಿಯಲು ಬಾರದವಳು ಹೆಂಡತಿಯೇ ಅಲ್ಲ. ಹಾಗೆಂದು ಎರಡನೆಯವಳನ್ನು ತಂದ ಮನೆಗಳು ನಮ್ಮ ಓಣಿಯಲ್ಲೇ ಎರಡಿದ್ದವು. ಅಪ್ಪ ಹ್ಞೂಂ ಅನ್ನಲಿಲ್ಲ, ಉಹ್ಞೂಂ ಅಂತಲೂ ಅನ್ನಲಿಲ್ಲ. ಅವ್ವನ ಎದೆ ಒಡೆದದ್ದು ಆ ಮೌನಕ್ಕೆ.

ಅಂದಿನಿಂದ ನಸುಕಿನಲ್ಲೇ ಅವ್ವ ನನ್ನನ್ನು ಎಬ್ಬಿಸುತ್ತಿದ್ದಳು. ಅಪ್ಪ ಹೊರಗೆ ಓಣಿಯಲ್ಲಿ ಮಲಗಿರುತ್ತಿದ್ದ. ತಗಡಿನ ಬಾಗಿಲಿಗೆ ಅಗಳಿ ಹಾಕಿ ನನ್ನನ್ನು ರೊಟ್ಟಿ ಬಡಿಯುವ ಅಗಲ ತಟ್ಟೆಯ, ಪರಾತದ, ಮುಂದೆ ಕೂರಿಸುತ್ತಿದ್ದಳು. ಜೋಳದ ಹಿಟ್ಟಿಗೆ ಬಿಸಿನೀರು ಹಾಕಿ ನಾದುವುದು, ಉಂಡೆ ಮಾಡುವುದು, ಪರಾತದಲ್ಲಿಟ್ಟು ಬಡಿಯುತ್ತ ತಿರುಗಿಸುವುದು, ಎಲ್ಲ ನಾನೇ. ಅವ್ವ ಪಕ್ಕದಲ್ಲಿ ಕೂತು, "ಅಂಚು ಒಡೀಲಿಕತ್ತದ, ಸಾವಕಾಶ, ಕೈ ಹಗುರ ಬಿಡು" ಎಂದು ಪಿಸುಗುಡುತ್ತಿದ್ದಳು. ರೊಟ್ಟಿ ಬಡಿಯುವ ಸದ್ದು ಓಣಿಗೆಲ್ಲ ಕೇಳುತ್ತಿತ್ತು. ಬಾಗಿಲು ತೆರೆಯುವಾಗ ಒಲೆಯ ಮುಂದೆ ಅವ್ವ ಕೂತಿರುತ್ತಿದ್ದಳು, ನಾನು ಹಾಸಿಗೆ ಮಡಚುತ್ತಿರುತ್ತಿದ್ದೆ. "ಎರಡು ಬೆರಳು ಹೋದ್ರೂ ಏನ್ ಚಂದ ಬಡೀತಾಳವ್ವಾ" ಎಂದು ಬಾಜೂ ಮನೆಯವರು ಹೊಗಳುತ್ತಿದ್ದರು. ಊರಿಗೂ ಅದೇ ಸುದ್ದಿ ಹೋಯಿತು. ಅಜ್ಜಿಯ ಬಾಯಿ ಮುಚ್ಚಿತು. ಅಪ್ಪನಿಗೆ ಗೊತ್ತಿತ್ತೋ ಇಲ್ಲವೋ, ಅವನು ನನ್ನ ರೊಟ್ಟಿ ತಿಂದು ಕೆಲಸಕ್ಕೆ ಹೋಗುತ್ತಿದ್ದ.

ಬೋರ್ಡಿನ ದಿನ ಅಪ್ಪನಿಗೆ ರಜೆ ಸಿಗಲಿಲ್ಲ. ಕನ್ನಡ ಸಾಲಿಯಲ್ಲಿ ಓದುತ್ತಿದ್ದರೂ ಓಣಿಯಲ್ಲಿ ಆಡಿ ಆಡಿ ನನಗೆ ಮರಾಠಿ ನೀರು ಕುಡಿದಷ್ಟು ಸಲೀಸು, ಆದ್ದರಿಂದ ನಾನೇ ಹೊರಟೆ. ಬಸ್ಸಿನಲ್ಲಿ ಅವ್ವ ಹೇಳಿದಳು: "ಕೈ ನೋಯ್ತದ ಅಂತ ಹೇಳು, ಯಂತ್ರ ನಡಸ್ಲಿಕ್ಕಿ ಬರಲ್ಲ ಅಂತ ಹೇಳು. ಆದ್ರ ಮನಿ ಮಾತು ತೆಗಿಬ್ಯಾಡ. ಅಡಗಿ ಯಾರ್ ಮಾಡ್ತಾರ ಅಂತ ಕೇಳಿದ್ರ, ನಮ್ಮವ್ವ ಅಂತ ಅನ್ನು. ತಿಳೀತಾ?" ತಿಳಿಯದೆ ಏನು? ಬೋರ್ಡಿನ ಕೋಣೆಯ ಹೊರಗೆ ಬೆಂಚಿನ ಮೇಲೆ ನಮ್ಮ ಪಕ್ಕದಲ್ಲೇ ನಮ್ಮ ಓಣಿಯ ಹೆಂಗಸೊಬ್ಬಳು, ಕಾಲು ಮುರಿದ ಗಂಡನ ಜೊತೆ ಕೂತಿದ್ದಳು. ಒಳಗಿನ ಮಾತು ಪರದೆ ದಾಟಿ ಬೆಂಚಿಗೆ ಚೆನ್ನಾಗಿ ಕೇಳುತ್ತಿತ್ತು.

ಮೂವರಲ್ಲಿ ಮಾತನಾಡಿದವರು ನಡುವೆ ಕೂತ ದೊಡ್ಡ ಡಾಕ್ಟರರೊಬ್ಬರೇ. ಒಬ್ಬರು ಬರೆಯುತ್ತಿದ್ದರು, ಇನ್ನೊಬ್ಬರು ಗಡಿಯಾರ ನೋಡುತ್ತಿದ್ದರು. ದೊಡ್ಡ ಡಾಕ್ಟರರು ಅವ್ವನ ಕೈ ಮುಟ್ಟಲೂ ಇಲ್ಲ. ಪೆನ್ನಿನ ತುದಿಯಿಂದ ಹೆಬ್ಬೆರಳನ್ನು ಒಂದು ಸಲ ತಳ್ಳಿದರು. ಆಮೇಲೆ ನನ್ನ ಕಡೆ ತಿರುಗಿ, ಮನೆಗೆಲಸ ಯಾರು ಮಾಡುತ್ತಾರೆ ಎಂದು ಮರಾಠಿಯಲ್ಲಿ ಕೇಳಿದರು.

"ಆಯೀ," ಎಂದೆ. ಅವ್ವ.

"ಭಾಕರಿ?"

"ಆಯೀಚ ಕರತೇ." ರೊಟ್ಟಿಯನ್ನೂ ಅವ್ವನೇ ಮಾಡುತ್ತಾಳೆ ಎಂದೆ. ಪರದೆಯ ಆಚೆ ಕೂತವಳಿಗೂ ಕೇಳಲಿ ಎಂದು ಸ್ವಲ್ಪ ಜೋರಾಗಿಯೇ ಎಂದೆ. ನೋವಿನ ಮಾತು, ಯಂತ್ರದ ಮಾತು ಬಾಯಿಗೆ ಬರಲೇ ಇಲ್ಲ. ಹಾಳು ಬಾಯಿ! ಆ ಕ್ಷಣ ನನಗೆ ಎಷ್ಟು ಹೆಮ್ಮೆ ಎನಿಸಿತ್ತು ಎಂದರೆ, ಅವ್ವನ ಮಾನ ಉಳಿಸಿದೆ ಎಂದೇ ತಿಳಿದಿದ್ದೆ. ಅವ್ವ ಕೂಡ ಹೊರಗೆ ಬಂದು ನನ್ನ ತಲೆ ಸವರಿ, ಒಂದು ಭಜಿ ಪೊಟ್ಟಣ ಕೊಡಿಸಿದಳು.

ಎರಡು ತಿಂಗಳ ಮೇಲೆ ಕಾಗದ ಬಂತು. ಕಾರ್ಖಾನೆಯ ಯೂನಿಯನ್ನಿನ, ನಮ್ಮ ಕಡೆಯವರೇ ಆದ ಒಬ್ಬ ಕಾಕಾ ಅದನ್ನು ಓದಿ ತಲೆ ಚಚ್ಚಿಕೊಂಡರು. ಎರಡು ಬೆರಳಿಗೆ ಏನು ಕೊಡಬೇಕೋ ಅದನ್ನಷ್ಟೇ ಕೊಟ್ಟಿದ್ದರು. ಉಳಿದ ಕೈ ಸರಿಯಾಗಿದೆ, ರೊಟ್ಟಿ ಸಮೇತ ಮನೆಯ ಎಲ್ಲ ಕೆಲಸ ಮಾಡುತ್ತಾಳೆ ಎಂದು ಮಗಳೇ ಹೇಳಿದ್ದಾಳೆ, ಕೆಲಸಕ್ಕೆ ಯೋಗ್ಯಳು ಎಂದು ಕಾಗದದಲ್ಲಿತ್ತು. "ಯಾರ್ರೀ ಹಿಂಗ ಹೇಳಿದ್ದು?" ಎಂದು ಕಾಕಾ ಕೇಳಿದರು. ಅವ್ವ ನನ್ನ ಕಡೆ ನೋಡಲಿಲ್ಲ. "ನಾನೇ ಹೇಳಿಸಿದ್ದು" ಎಂದಳು. ಮುಂದೆ ಅವರಿಗೆ ಎಲ್ಲವನ್ನೂ ಬಿಡಿಸಿ ಹೇಳಿದಳು, ಅಗಳಿ ಹಾಕಿದ ಬಾಗಿಲು, ಪರಾತ, ಅಜ್ಜಿಯ ಮಾತು. ಹೊರಗಿನ ಗಂಡಸಿನ ಮುಂದೆ ಅವಳು ಅಷ್ಟು ಮಾತನಾಡಿದ್ದನ್ನು ನಾನು ಅದೇ ಮೊದಲು ಕಂಡದ್ದು.

ಯೋಗ್ಯಳು ಎಂದಿದ್ದಾರಲ್ಲ, ಕಾರ್ಖಾನೆಯವರು ಕರೆದರು. ಯಂತ್ರ ಬೇಡವೆಂದು ಡಬ್ಬಿ ಜೋಡಿಸಲು ಹಾಕಿದರು. ಅವ್ವನ ಕೈಯಿಂದ ಡಬ್ಬಿಗಳು ಜಾರಿ ಜಾರಿ ಬಿದ್ದವು. ಮೂರನೆಯ ವಾರಕ್ಕೆ ಮನೆಗೆ ಕಳಿಸಿದರು. ವಿಮೆಯವರಿಗೆ ಅವ್ವ ಕೆಲಸ ಮಾಡಬಲ್ಲವಳು, ಕೆಲಸ ಕೊಡುವವರಿಗೆ ಮಾಡಲಾರದವಳು. ಅತ್ತ ದರಿ ಇತ್ತ ಪುಲಿ ಎನ್ನುತ್ತಾರಲ್ಲ, ಹಾಗೆ. ಯೂನಿಯನ್ನಿನ ಕಾಕಾ ಮರುಪರೀಕ್ಷೆಗೆ ಅರ್ಜಿ ಬರೆದರು. ಅದಕ್ಕೆ ಉತ್ತರ ಬರಲು ವರ್ಷದ ಮೇಲಾಯಿತು. ಅಷ್ಟರಲ್ಲಿ ಎಂಬತ್ತರ ದಶಕ ಬಂದಿತ್ತು. ಆ ಉತ್ತರಕ್ಕೆ ಕಾದು ಅಪ್ಪ ಸಾಲಿ ಬಿಡಿಸಿರಲಿಲ್ಲ, ನಾನು ಏಳನೆಯ ಇಯತ್ತೆಯಲ್ಲಿದ್ದೆ. "ಈ ಸರ್ತಿ ಇದ್ದದ್ದು ಇದ್ದಂಗ ಹೇಳು ಮಗಾ," ಎಂದರು ಕಾಕಾ. ಅವ್ವನೂ ತಲೆಯಾಡಿಸಿದಳು. "ಹೇಳಲಿ ಬಿಡ್ರಿ. ಊರಾಗ ನಮ್ಮತ್ತೀಗಿ ಗೊತ್ತಾದ್ರ ಆಗ್ಲಿ. ಪೆನ್ಸಿನ್ ಬಂದ್ರ ನನ ಕೂಸು ಓದ್ತದ."

ಅದೇ ಕೋಣೆ, ಅದೇ ಪರದೆ, ನಡುವೆ ಅದೇ ದೊಡ್ಡ ಡಾಕ್ಟರರು. ಪುಣೆ ಸಣ್ಣದಲ್ಲ, ಆದರೆ ಬಡವರ ಪಾಲಿಗೆ ಬರುವ ಡಾಕ್ಟರರು ಮಾತ್ರ ಅವರೇ. ನಾನು ಬಾಯಿಪಾಠ ಮಾಡಿದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದೆ: ರೊಟ್ಟಿ ನಾನು ಬಡಿಯುತ್ತೇನೆ, ಅವ್ವನಿಗೆ ನೀರಿನ ಲೋಟವೂ ಹಿಡಿಯಲು ಬರುವುದಿಲ್ಲ, ಸೀರೆಯ ಗಂಟನ್ನೂ ನಾನೇ ಕಟ್ಟುತ್ತೇನೆ. ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ. ಅವರು ಹಳೆಯ ಕಾಗದ ತೆಗೆದು ನನ್ನ ಮುಂದೆ ಹಿಡಿದರು.

"ಅವತ್ತು ಅವಳೇ ಮಾಡುತ್ತಾಳೆ ಎಂದೆ. ಇವತ್ತು ನೀನು ಎನ್ನುತ್ತಿ. ಯಾವುದು ಖೋಟಂ?" ಯಾವುದು ಸುಳ್ಳು ಎಂದು ಕೇಳುತ್ತಿದ್ದರು. ನಾನು ಹೆದರಿ, ಅವತ್ತಿನದು ಎಂದೆ.

"ಅಂದರೆ ಸರ್ಕಾರದ ಮುಂದೆ ಸುಳ್ಳು ಹೇಳಿದೆ. ಈ ವಯಸ್ಸಿಗೇ. ದುಡ್ಡಿಗಾಗಿ ಮಕ್ಕಳಿಗೆ ಖೋಟಂ ಕಲಿಸುತ್ತಾರೆ ಈ ಜನ." ಬರೆಯುವವರಿಗೆ, "ಹುಡುಗಿ ಸುಳ್ಳು ಹೇಳುತ್ತಾಳೆ ಎಂದು ಬರಿ. ಬೇಕಾದರೆ ಪೊಲೀಸರಿಗೆ ಕೊಡೋಣ" ಎಂದರು. ಬಾಗಿಲಲ್ಲಿ ಖಾಕಿ ತೊಟ್ಟ ಪ್ಯೂನ್ ನಿಂತಿದ್ದ. ಹೆದರಿಸಲೆಂದೇ ಅಂದದ್ದು ಎಂದು ಈಗ ನನಗೆ ಅರ್ಥವಾಗುತ್ತದೆ. ಆಗ ಆ ಖಾಕಿಯವನೇ ಪೊಲೀಸ್ ಎಂದುಕೊಂಡು ಅವ್ವನ ಸೆರಗು ಹಿಡಿದೆ. ಒಂದು ಪ್ರಶ್ನೆ, ಒಂದೇ ಒಂದು ಪ್ರಶ್ನೆ ಕೇಳಿದ್ದರೆ ಸಾಕಿತ್ತು: ಯಾಕೆ ಹಾಗೆ ಹೇಳಿದೆ ಮಗು, ಎಂದು. ಅಷ್ಟು ಕೇಳಲು ಅವರ ಗಂಟೇನು ಹೋಗುತ್ತಿತ್ತು?

ಅವ್ವನಿಗೆ ಮರಾಠಿ ಬಾರದಿದ್ದರೂ ಖೋಟಂ ಎಂದರೇನು, ಪೊಲೀಸ್ ಎಂದರೇನು ಗೊತ್ತಿತ್ತು. ಸ್ಟೂಲಿನಿಂದ ಎದ್ದಳು. ನನ್ನನ್ನು ಹಿಂದೆ ಸರಿಸಿ ಮೇಜಿನ ಹತ್ತಿರ ಹೋದಳು. ತನ್ನ ಹರಕು ಹಿಂದಿಯಲ್ಲಿ, "ಸಾಬ್, ಮೇರಿ ಬೇಟಿ ಖೋಟಂ ನಹೀ ಬೋಲ್ತಿ. ಪೈಲೇ ಬೋಲಿ ಸೋ ಸಚ್. ರೋಟಿ ಮೈ ಬನಾತಿ. ಆಜ್ ಬೋಲಿ ಸೋ ಮೈ ಸಿಖಾಯಿ" ಎಂದಳು. ಮೊದಲು ಹೇಳಿದ್ದೇ ನಿಜ, ರೊಟ್ಟಿ ಮಾಡುವವಳು ನಾನೇ, ಇವತ್ತಿನದು ನಾನು ಕಲಿಸಿದ್ದು.

"ಯವ್ವಾ!" ಎಂದೆ. ಅವಳು ತಿರುಗಿ ನೋಡಲಿಲ್ಲ.

"ತೋರಿಸು" ಎಂಬಂತೆ ಡಾಕ್ಟರರು ಮೇಜಿನತ್ತ ಗದ್ದ ಎತ್ತಿದರು. ಅವ್ವ ಆ ಮೂರು ಬೆರಳಿನ ಕೈಯನ್ನು ಮೇಜಿನ ಗಾಜಿನ ಮೇಲೆ ಬಡಿದಳು. ಒಂದು, ಎರಡು, ಮೂರು. ಇಲ್ಲದ ರೊಟ್ಟಿಯನ್ನು ಎಡಗೈಯಿಂದ ತಿರುಗಿಸುತ್ತ, ಬಲಗೈಯಿಂದ ಬಡಿಯುತ್ತ ಹೋದಳು. ನಾನು ದಿನಾ ಬಡಿಯುವ ಅದೇ ಲಯ. ಅವಳು ಹಲ್ಲು ಕಚ್ಚಲಿಲ್ಲ, ಕಣ್ಣು ಮುಚ್ಚಲಿಲ್ಲ, ನಗುನಗುತ್ತಲೇ ಇದ್ದಳು. ಕಣ್ಣಿಂದ ಮಾತ್ರ ನೀರು ಇಳಿಯುತ್ತಿತ್ತು. ಅದನ್ನು ಮೂವರಲ್ಲಿ ಒಬ್ಬರಾದರೂ ನೋಡಿರಬೇಕು. "ಬಸ್, ಬಸ್" ಎಂದರು ದೊಡ್ಡ ಡಾಕ್ಟರರು, ಕಾಗದ ತಮ್ಮ ಕಡೆಗೆ ಎಳೆದುಕೊಂಡು ಬರೆದರು.

ಹೊರಗೆ ಬಂದ ಮೇಲೆ ನಾನು ರಸ್ತೆಯಲ್ಲೇ ನಿಂತು ಕೂಗಾಡಿದೆ. "ಯಾಕ ಹಂಗ ಅಂದಿ? ಎಲ್ಲಾ ಹಾಳ ಮಾಡಿದಿ!" ಅವ್ವ ಊದುತ್ತಿದ್ದ ಕೈಯನ್ನು ಸೆರಗಿನಲ್ಲಿ ಸುತ್ತಿಕೊಂಡಳು. "ಪೆನ್ಸಿನ್ ಹೋದ್ರ ಹೋತು. ನೀ ಸುಳ್ಳಿ ಅಂತ ಸರ್ಕಾರದ ಕಾಗದದಾಗ ಬರದ್ರ, ಅದನ್ನ ಅಳಸೋರ್ ಯಾರು? ನಾಳಿ ನಿನ್ನ ಯಾರ್ ನಂಬ್ತಾರ?" ಎಂದಳು. ನಾನು ಇನ್ನೂ ಸಿಟ್ಟಿನಲ್ಲೇ ಇದ್ದೆ. ಬಸ್ಸಿನಲ್ಲಿ ಅವಳ ಪಕ್ಕ ಕೂರಲಿಲ್ಲ. ಅದೊಂದನ್ನು ಮಾತ್ರ ನಾನು ನನಗೆ ಕ್ಷಮಿಸಿಕೊಂಡಿಲ್ಲ.

ಪೆನ್ಷನ್ ಬರಲಿಲ್ಲ. ಅಪ್ಪ ಅಜ್ಜಿಯ ಮಾತಿಗೆ ಕೊನೆಗೂ ಹ್ಞೂಂ ಅನ್ನಲಿಲ್ಲ. ನಾನು ಸಾಲಿ ಬಿಟ್ಟು ನಾಲ್ಕು ಮನೆಗಳಲ್ಲಿ ಭಾಂಡೆ ತಿಕ್ಕತೊಡಗಿದೆ. ಹತ್ತನೆಯ ಪರೀಕ್ಷೆಗೆ ಕೂತದ್ದು ಬಹಳ ವರ್ಷಗಳ ಮೇಲೆ, ಮದುವೆಯಾಗಿ ಮಕ್ಕಳಾದ ಮೇಲೆ.

ಅವ್ವ ತೀರಿಕೊಂಡ ಮೇಲೆ ಅವಳ ಟ್ರಂಕಿನಲ್ಲಿ ಬೋರ್ಡಿನ ಎರಡನೆಯ ಕಾಗದ ಸಿಕ್ಕಿತು. ಅವಳಿಗೆ ಓದಲು ಬರುತ್ತಿರಲಿಲ್ಲ. ಕಾಕಾರಿಂದ ಓದಿಸಿಕೊಂಡಿದ್ದಳೋ ಏನೋ, ನನಗಂತೂ ತೋರಿಸಿರಲಿಲ್ಲ. ಪರೀಕ್ಷೆಗೆ ಬಂದವಳು ರೊಟ್ಟಿ ಬಡಿಯುವುದನ್ನು ಸ್ವತಃ ಮಾಡಿ ತೋರಿಸಿದಳು, ಮಗಳ ಮೊದಲ ಹೇಳಿಕೆ ಸತ್ಯವೆಂದು ಕಂಡುಬಂದಿದೆ ಎಂದು ಅದರಲ್ಲಿ ಬರೆದಿತ್ತು. ಆ ಸಾಲಿನ ಕೆಳಗೆ ಯಾರೋ ಪೆನ್ಸಿಲಿನಿಂದ ಗೆರೆ ಎಳೆದಿದ್ದರು. ಅವ್ವ ಕೊನೆಯ ದಿನದವರೆಗೂ ಆ ಕೈಯಿಂದ ಒಂದೇ ಒಂದು ರೊಟ್ಟಿ ಬಡಿಯಲಿಲ್ಲ.